ಸಕ್ಕರೆ ಕಾಯಿಲೆ ಇದ್ದವರಿಗೆ ಮೈ ಬೇಗ ನೀಲಿಗಟ್ಟುವುದು, ಗಾಯ ಬೇಗ ಮಾಯದಿರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶುಗರ್ ಇರುವವರ ಮನೆಗಳಲ್ಲಿ ಎರಡು ತೊಂದರೆಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಒಂದು, ಸ್ವಲ್ಪ ತಾಗಿದರೂ ಮೈ ನೀಲಿಗಟ್ಟುವುದು. ಇನ್ನೊಂದು, ಆದ ಗಾಯ ವಾರಗಟ್ಟಲೆ ಮಾಯದಿರುವುದು. ಎರಡನೆಯದಕ್ಕೆ ಸಕ್ಕರೆಯೇ ದೊಡ್ಡ ಕಾರಣ. ಮೊದಲನೆಯದಕ್ಕೆ ಹೆಚ್ಚಿನ ಸಲ ಕಾರಣ ಬೇರೆ. ಈ ಗಂಟು ಬಿಚ್ಚಿ ನೋಡಿದರೆ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಇವತ್ತೇ ಆಸ್ಪತ್ರೆಗೆ ಓಡಬೇಕು ಅನ್ನುವುದು ಗೊತ್ತಾಗುತ್ತದೆ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಕಾಲು ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರೇ.

ಎಲ್ಲೂ ತಾಗಿಸಿಕೊಂಡ ನೆನಪಿಲ್ಲ, ಆದರೂ ತೋಳಿನಲ್ಲಿ ನೀಲಿ ಕಲೆ. ಇದು ಶುಗರ್‌ನಿಂದಲೇ ಅಲ್ವಾ?

ನೇರವಾಗಿ ಅಲ್ಲ. ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ಸುತ್ತ ಹರಡಿದರೆ ಆ ಜಾಗ ನೀಲಿಗಟ್ಟುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಆದ ಮಾತ್ರಕ್ಕೆ ರಕ್ತ ಹೆಪ್ಪುಗಟ್ಟುವುದು ನಿಲ್ಲುವುದಿಲ್ಲ. ಹಾಗಿದ್ದರೂ ಶುಗರ್ ಇರುವವರಲ್ಲಿ ಈ ಕಲೆ ಜಾಸ್ತಿ ಕಾಣುತ್ತದೆ, ಏಕೆಂದರೆ ಅವರು ತೆಗೆದುಕೊಳ್ಳುವ ಬೇರೆ ಮಾತ್ರೆಗಳು, ವಯಸ್ಸು, ಕಿಡ್ನಿ, ಲಿವರ್ ಎಲ್ಲವೂ ಇದರಲ್ಲಿ ಸೇರಿಕೊಳ್ಳುತ್ತವೆ. ಕಾಲು ಜೋಮು ಹಿಡಿದವರಿಗೆ ಮಂಚದ ಕಾಲಿಗೆ ಎಡವಿದ್ದೇ ಗೊತ್ತಾಗಿರುವುದಿಲ್ಲ. ಮಾರನೆಯ ದಿನ ಕಲೆ ನೋಡಿ ‘ತಾನಾಗೇ ಬಂತು’ ಅನ್ನುತ್ತಾರೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ರಕ್ತ ತೆಳು ಮಾಡುವ ಮಾತ್ರೆ ಏನಾದರೂ ನಡೆಯುತ್ತಿದೆಯಾ? ಹೃದಯಕ್ಕೆ, ಪಾರ್ಶ್ವವಾಯು ಬರದಿರಲಿ ಎಂದು ಕೊಟ್ಟ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾಲ್ವ್ ಹಾಕಿಸಿಕೊಂಡವರ ಅಸಿಟ್ರೋಮ್, ಇವೆಲ್ಲ ಆ ಗುಂಪಿಗೆ ಸೇರಿದವು. ಬಹಳ ಮನೆಗಳಲ್ಲಿ ಉತ್ತರ ಇಲ್ಲೇ ಸಿಗುತ್ತದೆ.

ಹಾಗಾದರೆ ಇಕೋಸ್ಪ್ರಿನ್ ಸ್ವಲ್ಪ ದಿನ ನಿಲ್ಲಿಸಿ ನೋಡಲಾ?

ದಯವಿಟ್ಟು ಬೇಡ. ತೋಳಿನ ನೀಲಿ ಕಲೆ ಎರಡು ವಾರದಲ್ಲಿ ಹೋಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಜೀವಕ್ಕೇ ಅಪಾಯ. ಅಲ್ಲದೆ ಒಂದೆರಡು ದಿನ ಬಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಇಕೋಸ್ಪ್ರಿನ್‌ನಲ್ಲಿರುವುದು ಆಸ್ಪಿರಿನ್. ಅದು ಮುಟ್ಟಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ತನ್ನ ಆಯಸ್ಸು ಮುಗಿಯುವವರೆಗೂ, ಅಂದರೆ ಸುಮಾರು 7ರಿಂದ 10 ದಿನ, ಕೆಲಸ ಮಾಡದೆ ಹಾಗೆಯೇ ಇರುತ್ತದೆ. ಕಲೆಗಳ ಫೋಟೊ ತೆಗೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಮಾತ್ರೆ ಬೇಕೋ ಬೇಡವೋ, ಡೋಸ್ ಬದಲಿಸಬೇಕೋ ಅವರು ಹೇಳುತ್ತಾರೆ.

ಬೇರೆ ಯಾವ ಔಷಧಿಗಳ ಮೇಲೆ ಕಣ್ಣಿಡಬೇಕು?

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತರುವ ನೋವಿನ ಮಾತ್ರೆಗಳ ಮೇಲೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಪ್ಲೇಟ್‌ಲೆಟ್ ಕೆಲಸವನ್ನೂ ತಡೆಯುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ. ಶುಗರ್ ಇದ್ದವರಿಗೆ ಇದು ಎರಡು ಕಡೆಯಿಂದ ನಷ್ಟ.

ಸ್ಟಿರಾಯ್ಡ್ ಬಗ್ಗೆ ಇನ್ನೂ ಹುಷಾರಾಗಿರಬೇಕು. ಅದು ಸಕ್ಕರೆ ಏರಿಸುತ್ತದೆ, ಚರ್ಮ ತೆಳುವಾಗಿಸುತ್ತದೆ, ಗಾಯ ಮಾಯುವುದನ್ನೂ ತಡ ಮಾಡುತ್ತದೆ. ಉಬ್ಬಸಕ್ಕೋ ಕೀಲು ವಾತಕ್ಕೋ ಡಾಕ್ಟರೇ ಕೊಟ್ಟಿದ್ದರೆ ಅದನ್ನು ಏಕಾಏಕಿ ನಿಲ್ಲಿಸುವಂತಿಲ್ಲ, ಅವರು ಹೇಳಿದಂತೆ ನಡೆಯಿರಿ. ನನಗೆ ಭಯ ಇರುವುದು ಹೆಸರು, ಲೇಬಲ್ ಯಾವುದೂ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ ‘ಮಂಡಿ ನೋವಿನ ಪುಡಿ’ಗಳದ್ದು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ನೋವು ಮೂರೇ ದಿನಕ್ಕೆ ಮಾಯವಾಗಿ, ಶುಗರ್ ಮಾತ್ರ ಕಾರಣವಿಲ್ಲದೆ ಏರಿದೆ ಅಂದರೆ ಆ ಪೊಟ್ಟಣದ ಮೇಲೆ ಅನುಮಾನ ಪಡಿ.

ಅಜ್ಜಿಯ ಮುಂಗೈ ಮೇಲೆ ಆಗಾಗ ಕೆನ್ನೀಲಿ ಕಲೆ ಬರುತ್ತದೆ. ನೋವಿಲ್ಲ.

ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ. ಚರ್ಮದ ಕೆಳಗಿನ ಕೊಬ್ಬು, ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಎರಡೂ ಕಡಿಮೆಯಾಗಿ ರಕ್ತನಾಳಗಳಿಗೆ ಆಸರೆ ತಪ್ಪಿರುತ್ತದೆ. ಬಳೆ ಒತ್ತಿದರೂ ಕಲೆ ಬೀಳುತ್ತದೆ. ಚಿಕಿತ್ಸೆ ಬೇಕಿಲ್ಲ. ಆ ತೆಳು ಚರ್ಮ ಹರಿಯದಂತೆ ನೋಡಿಕೊಳ್ಳಿ, ತೋಳು ಮುಚ್ಚುವ ಬಟ್ಟೆ ಹಾಕಿ, ಎಬ್ಬಿಸುವಾಗ ಮುಂಗೈ ಹಿಡಿದು ಎಳೆಯಬೇಡಿ.

ಮೊಣಕಾಲ ಕೆಳಗೆ, ಮುಂಭಾಗದಲ್ಲಿ ಕಂದು ಬಣ್ಣದ ಕಲೆಗಳಿವೆ. ಇವೂ ಪೆಟ್ಟಿನ ಕಲೆಗಳಾ?

ಆಗಿರಲಾರವು. ಪೆಟ್ಟಿನ ಕಲೆ ಬಣ್ಣ ಬದಲಿಸುತ್ತದೆ: ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಕೊನೆಗೆ ಹಳದಿಯಾಗಿ ಮರೆಯಾಗುತ್ತದೆ. ಬಣ್ಣ ಬದಲಿಸದೆ ತಿಂಗಳುಗಟ್ಟಲೆ ನಿಂತಿರುವ, ಸ್ವಲ್ಪ ತಗ್ಗಾದ, ಕಾಸಿನಗಲದ ಕಂದು ಕಲೆಗಳಿದ್ದರೆ ಅದನ್ನು ಡಯಾಬಿಟಿಕ್ ಡರ್ಮೋಪತಿ ಎನ್ನುತ್ತಾರೆ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಇದು ಕಾಣಿಸುತ್ತದೆ. ನೋವಿಲ್ಲ, ಮುಲಾಮೂ ಬೇಕಿಲ್ಲ. ಆದರೆ ಇದು ಇರುವವರಲ್ಲಿ ಕಣ್ಣು, ಕಿಡ್ನಿ, ನರಗಳ ತೊಂದರೆಯೂ ಇರುವುದು ಹೆಚ್ಚು. ಆ ಪರೀಕ್ಷೆಗಳು ಬಾಕಿ ಇದ್ದರೆ ಮಾಡಿಸಿ.

ಇನ್ಸುಲಿನ್ ಚುಚ್ಚಿದ ಕಡೆ ಹೊಟ್ಟೆಯ ಮೇಲೆ ನೀಲಿ ಚುಕ್ಕೆಗಳು.

ಸೂಜಿ ಸಣ್ಣ ರಕ್ತನಾಳಕ್ಕೆ ತಾಗಿದರೆ ಹೀಗಾಗುತ್ತದೆ, ಗಾಬರಿ ಬೇಡ. ಚುಚ್ಚಿದ ಮೇಲೆ ಉಜ್ಜಬೇಡಿ, ಹತ್ತಿಯಿಂದ ಮೆತ್ತಗೆ ಒತ್ತಿ ಹಿಡಿಯಿರಿ. ಪ್ರತಿ ಸಲ ಜಾಗ ಬದಲಿಸಿ, ಹೋದ ಸಲದ ಜಾಗದಿಂದ ಒಂದು ಬೆರಳಗಲವಾದರೂ ದೂರ ಇರಲಿ. ಒಂದೇ ಸೂಜಿಯನ್ನು ವಾರವೆಲ್ಲ ಬಳಸಿದರೆ ಅದರ ತುದಿ ಮೊಂಡಾಗಿ ಚರ್ಮ ಹರಿಯುತ್ತದೆ. ಪೆನ್ ಬಳಸುವವರಿಗೆ 4 ಮಿಲಿಮೀಟರ್ ಸೂಜಿ ಸಾಕು, ದಪ್ಪ ಮೈಯವರಿಗೂ ಅಷ್ಟೇ. ಕೈಯಾಡಿಸಿದಾಗ ಗಂಟು ಸಿಕ್ಕಿದರೆ ಆ ಜಾಗಕ್ಕೆ ಚುಚ್ಚಬೇಡಿ. ಅಲ್ಲಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಇಳಿಯುವುದಿಲ್ಲ. ಗಂಟು ಬಿಟ್ಟು ಬೇರೆ ಕಡೆ ಚುಚ್ಚಲು ಶುರು ಮಾಡಿದಾಗ ಅದೇ ಡೋಸ್‌ಗೆ ಶುಗರ್ ಜಾಸ್ತಿ ಇಳಿಯಬಹುದು. ಅದಕ್ಕೇ ಮೊದಲೇ ಡಾಕ್ಟರಿಗೆ ತಿಳಿಸಿ, ಆ ದಿನಗಳಲ್ಲಿ ಪದೇ ಪದೇ ಶುಗರ್ ನೋಡಿಕೊಳ್ಳಿ.

ಯಾವ ನೀಲಿ ಕಲೆಗೆ ತಡ ಮಾಡಬಾರದು?

ಕಲೆಯ ಜೊತೆಗೆ ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಕೆಂಪು ಮೂತ್ರ ಇದ್ದರೆ. ಒತ್ತಿದರೂ ಮಾಸದ, ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಕಾಲ ತುಂಬ ಎದ್ದಿದ್ದರೆ. ಜ್ವರವೂ ಇದ್ದರೆ ಮಳೆಗಾಲದಲ್ಲಿ ಡೆಂಗಿ ಇರಬಹುದು ಎಂದುಕೊಂಡೇ ಹೊರಡಿ. ಆಗ ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಪ್ಲೇಟ್‌ಲೆಟ್ ಎಣಿಕೆ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಏನೂ ಕಾಣದಿದ್ದರೂ ಸರಿ, ಅದೇ ದಿನ ತೋರಿಸಲೇಬೇಕು. ತಲೆಯೊಳಗೆ ರಕ್ತ ನಿಧಾನವಾಗಿ ಸೋರುತ್ತಿರಬಹುದು.

ಅವಸರವಿಲ್ಲದ, ಆದರೆ ಬಿಡಬಾರದ ಮಾತೂ ಒಂದಿದೆ. ಪದೇ ಪದೇ ಕಲೆ ಬೀಳುತ್ತಿದ್ದು ಮಾತ್ರೆಯ ಕಾರಣ ಇಲ್ಲದಿದ್ದರೆ ಲಿವರ್, ಕಿಡ್ನಿ ಎರಡನ್ನೂ ನೋಡಿಸಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳು ಲಿವರ್‌ನಲ್ಲೇ ತಯಾರಾಗುವುದು. ಶುಗರ್ ಇದ್ದವರಲ್ಲಿ ಫ್ಯಾಟಿ ಲಿವರ್ ಬಹಳ ಜನಕ್ಕಿದೆ. ಅದು ಮುಂದುವರಿದು ಲಿವರ್ ಗಟ್ಟಿಯಾದರೆ ಹೊರಗೆ ಕಾಣುವ ಗುರುತುಗಳಲ್ಲಿ ಈ ಕಲೆಯೂ ಒಂದು.

ಪೆಟ್ಟಾದ ಜಾಗಕ್ಕೆ ಐಸ್ ಇಡಬೇಕೋ, ಬಿಸಿ ಶಾಖ ಕೊಡಬೇಕೋ?

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 10ರಿಂದ 15 ನಿಮಿಷ. ಆದರೆ ಜೋಮು ಹಿಡಿದ ಕಾಲಿಗೆ ಎರಡೂ ಬೇಡ. ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋಗಿ, ಬೆಳಿಗ್ಗೆ ಅಂಗಾಲಲ್ಲಿ ಬೊಬ್ಬೆ ಎದ್ದವರು ಎಷ್ಟೋ ಜನ. ಸುಟ್ಟದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ.

ಗಾಯ ಯಾಕೆ ಇಷ್ಟು ನಿಧಾನವಾಗಿ ಮಾಯುತ್ತದೆ?

ಗಾಯ ಮಾಯುವುದು ಹಂತ ಹಂತವಾಗಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ರೋಗಾಣು, ಸತ್ತ ಮಾಂಸ ಎಲ್ಲವನ್ನೂ ತೆಗೆಯುತ್ತವೆ. ನಂತರ ಹೊಸ ಮಾಂಸ, ಹೊಸ ರಕ್ತನಾಳ, ಮೇಲೆ ಹೊಸ ಚರ್ಮ. ಸಕ್ಕರೆ ಈ ಪ್ರತಿ ಹಂತದಲ್ಲೂ ಕೈ ಹಾಕುತ್ತದೆ. ಅದು 200ರ ಮೇಲೆ ನಿಂತಿರುವಾಗ ಬಿಳಿ ರಕ್ತಕಣಗಳು ಗಾಯದ ಕಡೆ ಬರುವುದೂ ನಿಧಾನ, ಬಂದ ಮೇಲೆ ರೋಗಾಣು ಕೊಲ್ಲುವುದೂ ನಿಧಾನ. ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ಕೊಲಾಜೆನ್‌ಗೆ ಅಂಟಿಕೊಂಡು ಅದನ್ನು ಬಿರುಸಾಗಿಸುತ್ತದೆ. ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ, ದೊಡ್ಡ ನಾಳಗಳಲ್ಲಿ ಕೊಬ್ಬು ಕಟ್ಟಿ ಕಾಲಿಗೆ ರಕ್ತ ಕಡಿಮೆಯಾಗುತ್ತದೆ. ರಕ್ತ ಹೋಗದ ಕಡೆ ಆಮ್ಲಜನಕವೂ ಹೋಗುವುದಿಲ್ಲ, ನುಂಗಿದ ಆಂಟಿಬಯೋಟಿಕ್ ಕೂಡ ಸರಿಯಾಗಿ ತಲುಪುವುದಿಲ್ಲ.

ಇದರ ಮೇಲೆ ನರಗಳ ತೊಂದರೆ. ಅದು ಬೇರೆಯೇ ಕಥೆ, ಕೆಳಗೆ ಹೇಳಿದೆ.

ನನ್ನ ಶುಗರ್ ಕಂಟ್ರೋಲ್‌ನಲ್ಲೇ ಇದೆ. ಆದರೂ ಗಾಯ ಮಾಯುತ್ತಿಲ್ಲ.

‘ಕಂಟ್ರೋಲ್’ ಅನ್ನುವುದನ್ನು ಬೆಳಗಿನ ಖಾಲಿ ಹೊಟ್ಟೆಯ ಒಂದು ಅಂಕಿ ನೋಡಿ ಹೇಳಲಾಗುವುದಿಲ್ಲ. ಊಟದ ನಂತರದ ಸಕ್ಕರೆ, ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಎರಡನ್ನೂ ನೋಡಬೇಕು. ಬಹಳಷ್ಟು ಜನರಿಗೆ ಎಚ್‌ಬಿಎ1ಸಿ 7ರ ಒಳಗೆ ಇರಲಿ ಅನ್ನುತ್ತಾರೆ. ತುಂಬಾ ವಯಸ್ಸಾದವರಿಗೆ ಸ್ವಲ್ಪ ಸಡಿಲ ಬಿಡುತ್ತಾರೆ.

ಅದೂ ಸರಿ ಇದ್ದರೆ ಕಾಲಿನ ರಕ್ತ ಸಂಚಾರ ನೋಡಿಸಿ. ಕಾಲಿನ ಬಿಪಿ, ಕೈಯ ಬಿಪಿ ಎರಡನ್ನೂ ಹೋಲಿಸುವ ಸರಳ ಪರೀಕ್ಷೆ ಇದೆ, ಎಬಿಐ ಅನ್ನುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿಕೊಂಡಿದೆ ಎಂದು ಅರ್ಥ. ಶುಗರ್ ಇದ್ದವರಲ್ಲಿ ನಾಳಗಳಿಗೆ ಸುಣ್ಣದ ಅಂಶ ಸೇರಿ ಗಟ್ಟಿಯಾಗಿದ್ದರೆ ಈ ಅಂಕಿ ಮೋಸ ಮಾಡಿ ನಾರ್ಮಲ್ ತೋರಿಸುವುದೂ ಉಂಟು. ಆಗ ಕಾಲ್ಬೆರಳಿನ ಬಿಪಿ, ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಬೇಕಾಗುತ್ತದೆ. ನಾಳ ಕಟ್ಟಿರುವುದು ಗೊತ್ತಾದರೆ ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ ತೆರೆಯಬಹುದು. ಅದನ್ನು ಮಾಡದೆ ಬರೀ ಡ್ರೆಸಿಂಗ್ ಬದಲಿಸುತ್ತಾ ತಿಂಗಳು ಕಳೆದು ಕಾಲು ಕಳೆದುಕೊಂಡವರನ್ನು ನೆನೆದರೆ ಸಂಕಟವಾಗುತ್ತದೆ.

ರಕ್ತಹೀನತೆ, ಬಿ12 ಕೊರತೆ, ಗಾಯದೊಳಗೆ ಉಳಿದ ಮುಳ್ಳು, ಮೂಳೆಗೆ ಇಳಿದ ಸೋಂಕು, ಇವನ್ನೂ ಹುಡುಕಬೇಕು. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕಡಿಮೆಯಾಗಿ ಜೋಮು ಹೆಚ್ಚುತ್ತದೆ. ಬಿ12 ನೋಡುವ ರಕ್ತಪರೀಕ್ಷೆ ಮಾಡಿಸಿದರೆ ಅದು ಗೊತ್ತಾಗುತ್ತದೆ.

ಅಂಗಾಲಲ್ಲಿ ಹುಣ್ಣಾಗಿದೆ, ಆದರೆ ನೋವೇ ಇಲ್ಲ. ಅಂದಮೇಲೆ ಭಯ ಇಲ್ಲ ತಾನೇ?

ಭಯ ಪಡಬೇಕಾದ್ದು ಈ ಗಾಯಕ್ಕೇ. ನಮ್ಮ ದೊಡ್ಡಮ್ಮ ಒಂದು ದಿನ ಬೆಳಿಗ್ಗೆ ಸಂತೆಗೆ ಹೋಗಿ ಸಂಜೆ ಬಂದು ಚಪ್ಪಲಿ ಬಿಟ್ಟರು. ಎಡಗಾಲಿನ ಹೆಜ್ಜೆ ಇಟ್ಟಲ್ಲೆಲ್ಲ ನೆಲದ ಮೇಲೆ ಕೆಂಪು. ಚಪ್ಪಲಿ ತಿರುಗಿಸಿ ನೋಡಿದರೆ ಅಟ್ಟೆ ಹೊಡೆದ ಸಣ್ಣ ಮೊಳೆಯೊಂದು ಮೇಲೆ ಎದ್ದು ನಿಂತಿತ್ತು. ದಿನವಿಡೀ ಅದರ ಮೇಲೇ ನಡೆದಿದ್ದಾರೆ. ‘ಏನೂ ಆಗಲಿಲ್ಲ ಕಣೇ, ಸ್ವಲ್ಪ ಅಂಟಂಟು ಅನ್ನಿಸ್ತು ಅಷ್ಟೇ’ ಅಂದರು.

ನೋವು ಗೊತ್ತಾಗುವವರು ಗಾಯದ ಮೇಲೆ ಭಾರ ಹಾಕುವುದಿಲ್ಲ, ಕುಂಟುತ್ತಾರೆ. ಆ ಕುಂಟುವಿಕೆಯೇ ಗಾಯವನ್ನು ಕಾಪಾಡುತ್ತದೆ. ನರ ಸತ್ತವರು ಗಾಯದ ಮೇಲೇ ಸಲೀಸಾಗಿ ನಡೆಯುತ್ತಾರೆ. ಬೆಳೆಯುತ್ತಿರುವ ಹೊಸ ಮಾಂಸ ಪ್ರತಿ ಹೆಜ್ಜೆಗೂ ಜಜ್ಜಿಹೋಗುತ್ತದೆ. ಈ ಸತ್ಯವನ್ನು ಜಗತ್ತಿಗೆ ಕಾಣಿಸಿಕೊಟ್ಟವರಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಮುಖ್ಯರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಅವರು ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದರು. ಬೆರಳು, ಅಂಗಾಲು ಸವೆದು ಹೋಗುವುದು ರೋಗಾಣು ತಿನ್ನುವುದರಿಂದಲ್ಲ, ನೋವಿಲ್ಲದೆ ಮತ್ತೆ ಮತ್ತೆ ಪೆಟ್ಟು ಮಾಡಿಕೊಳ್ಳುವುದರಿಂದ ಎಂದು ತೋರಿಸಿದರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆಯನ್ನು ಶುಗರ್ ಇದ್ದವರ ಕಾಲಿಗೂ ತಂದರು. ಇವತ್ತು ಅಂಗಾಲಿನ ಹುಣ್ಣಿಗೆ ಮುಲಾಮಿಗಿಂತ ಮುಖ್ಯ ಚಿಕಿತ್ಸೆ ಅಂದರೆ ಆ ಜಾಗದ ಮೇಲೆ ಭಾರ ಬೀಳದಂತೆ ಮಾಡುವುದು. ಕಾಲಿಗೆ ಸರಿಯಾಗಿ ಕೂರುವ ಪ್ಲಾಸ್ಟರ್, ವಿಶೇಷ ಬೂಟು, ಇಲ್ಲವೇ ಊರುಗೋಲು. ಮನೆಯೊಳಗೆ ‘ಬಚ್ಚಲಿಗೆ ಹೋಗಿ ಬರೋದಷ್ಟೇ’ ಎಂದು ಅದನ್ನು ಬಿಚ್ಚಿಟ್ಟು ನಡೆದರೂ ಗಾಯ ಹಿಂದಕ್ಕೆ ಹೋಗುತ್ತದೆ.

ಜೋಮು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಡಾಕ್ಟರ ಬಳಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆ ಇರುತ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆ ಅಂಗಾಲಿಗೆ ತಾಗಿದ್ದು ಗೊತ್ತಾಗದಿದ್ದರೆ ನಿಮ್ಮ ಕಾಲು ಅಪಾಯದಲ್ಲಿದೆ. ಒಂದು ನಿಮಿಷದ ಪರೀಕ್ಷೆ, ವರ್ಷಕ್ಕೊಮ್ಮೆ ಸಾಕು. ಅವರಾಗಿ ಮಾಡದಿದ್ದರೆ ‘ಡಾಕ್ಟ್ರೇ, ಕಾಲೊಂದು ಸಲ ನೋಡಿ’ ಎಂದು ನೀವೇ ಚಪ್ಪಲಿ ಬಿಟ್ಟು ಕೂತುಕೊಳ್ಳಿ.

ಮನೆಯಲ್ಲಿ ದಿನಾ ರಾತ್ರಿ ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬಹುದು. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ.

ಅರಿಶಿನ, ಕಾಫಿ ಪುಡಿ, ಸುಣ್ಣ ಹಚ್ಚಿದರೆ ತಪ್ಪೇನು?

ತೆರೆದ ಗಾಯಕ್ಕೆ ಇವು ಬೇಡ. ಅಡುಗೆಮನೆಯ ಡಬ್ಬಿಯ ಪುಡಿ ರೋಗಾಣು ಇಲ್ಲದ ಪುಡಿಯಲ್ಲ. ಅದು ಗಟ್ಟಿ ಪದರವಾಗಿ ಕೂತು ಕೆಳಗೆ ಕೀವು ತುಂಬಿದರೂ ಕಾಣುವುದಿಲ್ಲ. ಸುಣ್ಣ ಚರ್ಮವನ್ನೇ ಸುಡುತ್ತದೆ. ಸ್ಪಿರಿಟ್, ನೀರು ಬೆರೆಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹೊಸದಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಇನ್ನು ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್. ಅದರಲ್ಲಿರುವುದು ಆಸಿಡ್. ಜೋಮು ಕಾಲಿಗೆ ಅದನ್ನು ಅಂಟಿಸಲೇಬೇಡಿ, ಬ್ಲೇಡಿನಿಂದ ಆಣಿ ಕೆತ್ತುವುದಂತೂ ಬೇಡವೇ ಬೇಡ.

ಸಣ್ಣ ಗಾಯಕ್ಕೆ ಮನೆಯಲ್ಲಿ ಏನು ಮಾಡಬೇಕು?

ಸೋಪು ಹಚ್ಚಿ ಕೈ ತೊಳೆದುಕೊಂಡು, ಗಾಯವನ್ನು ಹರಿಯುವ ಶುದ್ಧ ನೀರಿನಲ್ಲೋ ಸಲೈನ್‌ನಲ್ಲೋ ತೊಳೆಯಿರಿ. ಶುದ್ಧ ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಮುಚ್ಚಿ, ದಿನಾ ಬಿಚ್ಚಿ ನೋಡಿ. ‘ಗಾಳಿಗೆ ಬಿಟ್ಟರೆ ಬೇಗ ಒಣಗುತ್ತೆ’ ಅನ್ನುವುದು ಸರಿಯಲ್ಲ. ತುಸು ತೇವವಾಗಿ, ಮುಚ್ಚಿಟ್ಟ ಗಾಯವೇ ಬೇಗ ಮಾಯುವುದು. ಹಕ್ಕಳೆ ಕೀಳಬೇಡಿ. ಬ್ಯಾಂಡೇಜನ್ನು ಬೆರಳ ಸುತ್ತ ಬಿಗಿಯಾಗಿ ಸುತ್ತಬೇಡಿ. ಹಿಂದಿನ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿದೆ ನೋಡಿ. ಮಣ್ಣು, ತುಕ್ಕು ಸೇರಿದ ಗಾಯವಾಗಿ, ಕೊನೆಯ ಡೋಸ್ ಆಗಿ 5 ವರ್ಷ ಕಳೆದಿದ್ದರೆ ಮತ್ತೆ ಹಾಕಿಸಬೇಕು. ಶುದ್ಧವಾದ ಸಣ್ಣ ಗಾಯಕ್ಕೆ 10 ವರ್ಷ.

ಎಷ್ಟು ದಿನ ಕಾಯಬಹುದು?

ಕೈಯಲ್ಲಾದ ಗೀರು ಎರಡು ಮೂರು ದಿನದಲ್ಲಿ ಸುಧಾರಿಸುವ ದಾರಿ ಹಿಡಿಯದಿದ್ದರೆ ತೋರಿಸಿ. ಪಾದದಲ್ಲಿ ಚರ್ಮ ಒಡೆದು ಗಾಯವಾದರೆ, ಅದರಲ್ಲೂ ಜೋಮು ಇದ್ದವರು, ಕಾಯಬೇಡಿ. ಒಂದೆರಡು ದಿನದೊಳಗೇ ಹೋಗಿ. ಸುತ್ತ ಕೆಂಪು ಹರಡುತ್ತಿದೆ, ಊತ, ಕೀವು, ವಾಸನೆ, ಬೆರಳು ಕಪ್ಪಾಗುತ್ತಿದೆ ಅಂದರೆ ಅದೇ ದಿನ. ಶುಗರ್ ಇದ್ದವರಿಗೆ ಒಳಗೆ ದೊಡ್ಡ ಸೋಂಕಿದ್ದರೂ ಎಷ್ಟೋ ಸಲ ಜ್ವರ ಬರುವುದಿಲ್ಲ. ದಿನಾ 150 ಇರುತ್ತಿದ್ದ ಶುಗರ್ ಇದ್ದಕ್ಕಿದ್ದಂತೆ 300 ಆದರೆ ಅದನ್ನೇ ಜ್ವರ ಎಂದು ತಿಳಿಯಿರಿ. ಚಿಕಿತ್ಸೆ ನಡೆಯುತ್ತಿರುವ ಹುಣ್ಣು ನಾಲ್ಕು ವಾರದಲ್ಲಿ ಅರ್ಧಕ್ಕಾದರೂ ಇಳಿಯಬೇಕು. ಇಳಿದಿಲ್ಲ ಅಂದರೆ ಚಿಕಿತ್ಸೆ ಬದಲಾಗಬೇಕು. ವಾರಕ್ಕೊಂದು ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಡಾಕ್ಟರಿಗೂ ಅನುಕೂಲ.

ಗಾಯ ಇರುವಾಗ ಮೊಟ್ಟೆ, ಮೀನು, ಬದನೆಕಾಯಿ ತಿಂದರೆ ನಂಜಾಗುತ್ತದೆ ಅನ್ನುತ್ತಾರಲ್ಲ?

ಈ ನಂಬಿಕೆಯಿಂದ ಆಗುವ ನಷ್ಟ ಸಣ್ಣದಲ್ಲ. ಗಾಯ ಆದ ದಿನದಿಂದ ಮೊಟ್ಟೆ ಬಂದ್, ಮೀನು ಬಂದ್, ಅವರೆಕಾಳು ಬಂದ್. ಉಳಿಯುವುದು ಅನ್ನ, ತಿಳಿಸಾರು. ಅದರಲ್ಲಿ ಸಕ್ಕರೆ ಏರಿಸುವ ಪಿಷ್ಟ ಜಾಸ್ತಿ, ಹೊಸ ಮಾಂಸ ಕಟ್ಟಲು ಬೇಕಾದ ಪ್ರೋಟೀನ್ ಕಡಿಮೆ. ಮೊಟ್ಟೆ, ಮೀನು, ಬೇಳೆ, ಹುರುಳಿ, ಮೊಳಕೆ ಕಾಳು, ಮೊಸರು ಇವುಗಳಿಂದ ಗಾಯ ಕೆಡುವುದಿಲ್ಲ, ಬೇಗ ಮಾಯುತ್ತದೆ. ಯಾವುದಾದರೂ ಪದಾರ್ಥ ತಿಂದರೆ ನಿಮಗೆ ಮೈ ಕಡಿತ, ದದ್ದು ಬರುತ್ತದೆ ಅಂದರೆ ಅದು ಅಲರ್ಜಿ, ಅದೊಂದನ್ನು ಮಾತ್ರ ಬಿಡಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಎಷ್ಟು ಎಂದು ಕೇಳಿಕೊಂಡೇ ತಿನ್ನಬೇಕು. ವಿಟಮಿನ್ ಸಿ ಇಲ್ಲದೆ ಕೊಲಾಜೆನ್ ಗಟ್ಟಿಯಾಗುವುದಿಲ್ಲ. ನೆಲ್ಲಿಕಾಯಿ, ನಿಂಬೆ, ಸೀಬೆ ಸಾಕು. ಅಸಿಟ್ರೋಮ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ವಾರವೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿನ್ನಬೇಕು.

ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗಲೇಬೇಕಲ್ಲ?

ಹೋಗಿ, ಆದರೆ ಬೆಳಗಿನ ಹೊತ್ತು ಹೋಗಿ. ಬೇಸಿಗೆಯ ಮಧ್ಯಾಹ್ನ ಪ್ರಾಕಾರದ ಕಲ್ಲುಚಪ್ಪಡಿ ಅಂಗಾಲು ಸುಡುವಷ್ಟು ಕಾದಿರುತ್ತದೆ, ಜೋಮು ಕಾಲಿಗೆ ಅದು ತಿಳಿಯುವುದಿಲ್ಲ. ದಪ್ಪ ಸಾಕ್ಸ್ ಹಾಕಿಕೊಂಡು ಪ್ರದಕ್ಷಿಣೆ ಹಾಕಬಹುದು. ಮನೆಗೆ ಬಂದ ತಕ್ಷಣ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ ನೋಡಿಕೊಳ್ಳಿ. ಜೋಮು ಇರುವವರು ಶಬರಿಮಲೆಗೆ ಬರಿಗಾಲಲ್ಲಿ ಬೆಟ್ಟ ಹತ್ತುವುದನ್ನು ನಾನು ಒಪ್ಪಲಾರೆ. ಕಾಲಿನಲ್ಲಿ ಈಗಾಗಲೇ ಹುಣ್ಣಿದ್ದರೆ ಈ ವರ್ಷ ಬೇಡ, ಅಯ್ಯಪ್ಪ ಕಾಯುತ್ತಾನೆ.

ಬೀಡಿ ದಿನಕ್ಕೆ ಎರಡೇ. ತೊಂದರೆ ಇದೆಯಾ?

ಇದೆ. ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ. ಗಾಯ ಇರುವಷ್ಟು ದಿನವಾದರೂ ಪೂರ್ತಿ ಬಿಡಿ, ಮತ್ತೆ ಶುರು ಮಾಡಬೇಡಿ.

ದುಡ್ಡಿನ ತೊಂದರೆ ಇರುವವರು ಎಲ್ಲಿಗೆ ಹೋಗಬೇಕು?

ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ ಎಂದು ಕೇಳಿ. 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅಲ್ಲಿ ಶುಗರ್, ಬಿಪಿ ನೋಡುತ್ತಾರೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ, ಪಾದದ ಆರೈಕೆಗೇ ಅಲ್ಲಿ ಬೇರೆ ವಿಭಾಗವಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರ ಕಾಲು ನೋಡುವವರು ಪ್ರತಿ ತಾಲ್ಲೂಕಿನಲ್ಲೂ ಇರಬೇಕು ಎಂದು ಕೇಳುವ ಹಕ್ಕು ನಮಗಿದೆ.

ಶುಗರ್ ಇದ್ದರೆ ಹಲ್ಲು ಕೀಳಿಸಬಾರದಾ?

ಕೀಳಿಸಬಹುದು. ಸಕ್ಕರೆ ಹತೋಟಿಯಲ್ಲಿರಲಿ, ಬೆಳಗಿನ ತಿಂಡಿ, ಮಾತ್ರೆ ತಪ್ಪಿಸದೆ ಹೋಗಿ. ರಕ್ತ ತೆಳು ಮಾಡುವ ಮಾತ್ರೆಯ ಹೆಸರನ್ನು ದಂತವೈದ್ಯರಿಗೆ ಮೊದಲೇ ಹೇಳಿ.

ಹುಣ್ಣು ಪೂರ್ತಿ ಮಾಯ್ದಿದೆ. ಇನ್ನು ಹಳೆಯ ಚಪ್ಪಲಿಯನ್ನೇ ಹಾಕಿಕೊಳ್ಳಬಹುದಾ?

ಬೇಡ. ಆ ಹುಣ್ಣಿಗೆ ಕಾರಣವಾದದ್ದು ಅದೇ ಚಪ್ಪಲಿ ಇರಬಹುದು. ಕಾಲಿನ ಹುಣ್ಣು ಮಾಯ್ದ ಹತ್ತು ಜನರಲ್ಲಿ ಸುಮಾರು ನಾಲ್ವರಿಗೆ ಒಂದು ವರ್ಷದೊಳಗೆ ಮತ್ತೆ ಬರುತ್ತದೆ. ಮೇಲೆ ಚರ್ಮ ಬಂದರೂ ಅದರ ಬಲ ಮೊದಲಿನಷ್ಟಿರುವುದಿಲ್ಲ, ನರವೂ ವಾಪಸ್ ಬಂದಿರುವುದಿಲ್ಲ. ಒಳಗೆ ಮೆತ್ತನೆಯ ಎಂಸಿಆರ್ ರಬ್ಬರ್, ಕೆಳಗೆ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ತೆಗೆದುಕೊಳ್ಳಿ. ಹೆಬ್ಬೆರಳ ಸಂದಿಗೆ ಉಂಗುರ ಇರುವ ಹವಾಯಿ ಚಪ್ಪಲಿ ಬೇಡ. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುವುದರಿಂದ ಅಳತೆ ಸರಿಯಾಗಿ ಸಿಗುತ್ತದೆ. ಹೊಸತನ್ನು ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ನೋಡಿ. ಕೆಂಪಾಗಿದ್ದರೆ ಅದು ನಿಮ್ಮ ಕಾಲಿಗೆ ಆಗುವ ಚಪ್ಪಲಿ ಅಲ್ಲ, ಅಂಗಡಿಗೆ ವಾಪಸ್ ಕೊಡಿ.